ಆರುನೂರು ಲೀಟರಿನ ಕಡಲು

ನೀರು ಇಪ್ಪತ್ತೈದೂವರೆ ಡಿಗ್ರಿ ಇದೆ ಎಂದು ಫೋನು ಹೇಳುತ್ತಿತ್ತು. ಬಸವನಹುಳುಗಳು ಅದನ್ನು ಒಪ್ಪಿರಲಿಲ್ಲ. ಏಳು ಹುಳುಗಳೂ ಗಾಜಿನ ಗೋಡೆ ಹತ್ತಿ, ನೀರು ಬಿಟ್ಟು ಮೇಲೆ ಬಂದು, ತೊಟ್ಟಿಯ ಅಂಚಿಗೆ ಸಾಲಾಗಿ ಅಂಟಿಕೊಂಡು ಕೂತಿದ್ದವು.

"ನಿನ್ನೆ ಬೆಳಿಗ್ಗೆಯಿಂದ ಗೆರೆ ಒಂಚೂರೂ ಅಲ್ಲಾಡಿಲ್ಲ ಭಾವ," ಎಂದು ಹಲ್ಲಿನ ಡಾಕ್ಟರು ಫೋನನ್ನು ಗ್ಯಾಸಣ್ಣನ ಮೂಗಿನ ಹತ್ತಿರ ಹಿಡಿದರು. "ನೋಡಿ, ಸ್ಕೇಲ್ ಇಟ್ಟು ಎಳೆದ ಹಾಗಿದೆ. ಇಷ್ಟು ವರ್ಷದಲ್ಲಿ ಇಷ್ಟು ಸ್ಥಿರವಾಗಿ ಇದ್ದಿದ್ದೇ ಇಲ್ಲ. ಅದಕ್ಕೇ ಇದು ಬೇರೆ ಏನೋ ಕಾಯಿಲೆ ಅಂತ ನಂಗೆ..."

ಗ್ಯಾಸಣ್ಣ ಫೋನಿನತ್ತ ಕಣ್ಣು ಹಾಯಿಸಲೂ ಇಲ್ಲ. ಮೂವತ್ತೊಂದು ವರ್ಷಗಳಿಂದ ಜನರ ಫ್ರಿಜ್ಜು, ಏಸಿ, ಅಂಗಡಿಯವರ ಐಸ್‌ಕ್ರೀಂ ಪೆಟ್ಟಿಗೆ ರಿಪೇರಿ ಮಾಡಿಕೊಂಡು ಬಂದವನು ಅವನು. ಕೆಟ್ಟ ಯಂತ್ರದ ಪಕ್ಕದಲ್ಲೇ ನಿಂತು ಅದು ಕೆಟ್ಟಿಲ್ಲವೆಂದು ವಾದಿಸುವ ಯಜಮಾನರನ್ನು ಎಷ್ಟು ಕಂಡಿದ್ದನೆಂದರೆ, ಅಂಥವರ ಮಾತು ಅವನ ಪಾಲಿಗೆ ಕಂಪ್ರೆಸರಿನ ಗುಂಯ್ ಎಂಬ ಸದ್ದಿನ ಹಾಗೆ ಇದ್ದೂ ಇಲ್ಲದಂತಾಗಿತ್ತು. ಫ್ರಿಜ್ಜಿಗೆ ಗ್ಯಾಸು ತುಂಬುವವನಾದ್ದರಿಂದ ಊರೆಲ್ಲ ಅವನನ್ನು ಗ್ಯಾಸಣ್ಣ ಎನ್ನುತ್ತಿತ್ತು. ಈಚೀಚೆಗೆ ಅವನ ಹೆಂಡತಿಯೂ. ತಂಗಿಯೊಬ್ಬಳೇ ಬರಿದೆ ಅಣ್ಣ ಎನ್ನುತ್ತಿದ್ದಳು, ಅದೂ ಅವಳ ಮನೆಯಲ್ಲಿ ಏನಾದರೂ ಕೆಟ್ಟಾಗ.

ಈ ಭಾನುವಾರವೂ ಬೆಳಿಗ್ಗೆ ಹತ್ತಕ್ಕೆ ಹಾಗೆಯೇ ಅಣ್ಣನ ನೆನಪಾಗಿತ್ತು. "ಅಣ್ಣ, ಮೀನಿನ ತೊಟ್ಟಿ ಮುಂದೆ ಇವರು ಅಳೋದೊಂದು ಬಾಕಿ. ಸ್ವಲ್ಪ ಬಂದು ಹೋಗ್ತೀಯಾ?" ಮೀನಿನ ತೊಟ್ಟಿ ತನ್ನ ಕೆಲಸವಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ತಂಗಿಯ ಗಂಡ ಅಳುವುದನ್ನು ನೋಡುವ ಅವಕಾಶ ವಾರವಾರವೂ ಸಿಗುವಂಥದ್ದಲ್ಲ.

ಆ ಗಂಡನ ವಿಷಯದಲ್ಲಿ ಗ್ಯಾಸಣ್ಣನಿಗೆ ದ್ವೇಷವೇನೂ ಇರಲಿಲ್ಲ. ದ್ವೇಷಕ್ಕೆ ಎದುರಿನವನಲ್ಲಿ ಒಂದಿಷ್ಟು ಸರಕಿರಬೇಕು. ಇವರೋ, ಬೆಳಗಿನಿಂದ ಸಂಜೆಯವರೆಗೆ ಬಾಯಿ ತೆರೆದುಕೊಂಡು ಮಲಗಿದವರ ಮುಂದಷ್ಟೇ ಮಾತಾಡಿ ಅಭ್ಯಾಸವಾದವರು. ಬಾಯಿ ಖಾಲಿ ಇರುವವರು ಎದುರಾದರೆ ಅರ್ಧ ವಾಕ್ಯಕ್ಕೇ ಸೋತುಬಿಡುತ್ತಿದ್ದರು. ಹೋದ ವರ್ಷ ಗ್ಯಾಸಣ್ಣನ ದವಡೆ ಹಲ್ಲು ಕಿತ್ತವರು ಇವರೇ. ಕಿತ್ತದ್ದು ಗೊತ್ತೇ ಆಗದಂತೆ ಕಿತ್ತಿದ್ದರು. ಒಂದು ಗಂಡಸಿನ ಹಲ್ಲನ್ನು ಹಾಗೆ ಹೂವಿನ ಹಾಗೆ ತೆಗೆಯುವುದು ಏನು ಗಂಡಸುತನವೆಂದು ಅವನಿಗೆ ಇವತ್ತಿಗೂ ಅರ್ಥವಾಗಿರಲಿಲ್ಲ.

ಹಾಲಿನ ಒಂದಿಡೀ ಗೋಡೆಗೆ ಆತುಕೊಂಡು ಆರುನೂರು ಲೀಟರ್ ಉಪ್ಪುನೀರು. ಅದರ ಕೆಳಗಿನ ಕಪಾಟಿನಲ್ಲಿ ಇನ್ನೊಂದು ಸಣ್ಣ ತೊಟ್ಟಿ, ಮೂರು ಪಂಪು, ನೊರೆ ತೆಗೆಯುವ ಕೊಳವೆ, ನೀರು ಬಿಸಿ ಮಾಡುವ ಹೀಟರ್, ತಣ್ಣಗೆ ಮಾಡುವ ಚಿಲ್ಲರ್, ಇವಕ್ಕೆಲ್ಲ ಅಪ್ಪಣೆ ಕೊಡುವ ಒಂದು ಕಪ್ಪು ಡಬ್ಬಿ. ಕಡಲು ಇಷ್ಟು ವರ್ಷ ಇದಾವುದೂ ಇಲ್ಲದೆ ನಡೆದುಕೊಂಡು ಬಂದಿದೆ ಎಂದು ಗ್ಯಾಸಣ್ಣ ಒಮ್ಮೆ ಹೇಳಿದ್ದ. ಆಗ ತಂಗಿ ನಕ್ಕಿದ್ದಳು, ಡಾಕ್ಟರೂ ನಕ್ಕಿದ್ದರು.

ಅವನು ಮಂಡಿಯೂರಿ ಕಪಾಟಿನ ಬಾಗಿಲು ತೆರೆದ.

"ಸೆನ್ಸರ್ ಎಲ್ಲಿದೆ ಡಾಕ್ಟ್ರೇ?"

"ನೀರಲ್ಲಿ."

"ಯಾವ ನೀರಲ್ಲಿ?"

ಡಾಕ್ಟರು ಬಗ್ಗಿ ನೋಡಿದರು. ನೀರಿನ ಬಿಸಿ ಅಳೆಯಬೇಕಿದ್ದ ಕಡ್ಡಿ, ತನ್ನನ್ನು ಗಾಜಿಗೆ ಹಿಡಿದಿಟ್ಟಿದ್ದ ರಬ್ಬರು ಬಟ್ಟಲಿನ ಸಮೇತ ಕಳಚಿಬಿದ್ದು, ತಂತಿಯ ತುದಿಯಲ್ಲಿ ಹೊರಗೆ ನೇತಾಡುತ್ತಿತ್ತು. ಹಾಲಿನ ಏಸಿಯ ಗಾಳಿ ಅದರ ಮೇಲೆ ಸೊಗಸಾಗಿ ಬೀಸುತ್ತಿತ್ತು. ಹಿಂದಿನ ದಿನ ತೊಟ್ಟಿ ತೊಳೆದಾಗ ಡಾಕ್ಟರು ಅದನ್ನು ಮತ್ತೆ ಗಾಜಿಗೆ ಒತ್ತಿದ್ದರು, ಆದರೆ ಹಲ್ಲು ಕಿತ್ತಷ್ಟೇ ಮೃದುವಾಗಿ.

ಗ್ಯಾಸಣ್ಣ ಅಂಗಿಯ ಜೇಬಿನಿಂದ ತನ್ನ ಮುಳ್ಳಿನ ಥರ್ಮಾಮೀಟರ್ ತೆಗೆದು ನೀರಿಗೆ ಅದ್ದಿದ. ಅವಸರ ಮಾಡಲಿಲ್ಲ. ಮುಳ್ಳು ನಿಂತ ಮೇಲೆ ಅದನ್ನು ಡಾಕ್ಟರ ಕಡೆಗಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿಯ ಕಡೆಗೆ ತಿರುಗಿಸಿ ಹಿಡಿದ.

"ಮೂವತ್ಮೂರೂವರೆ. ನಿನ್ನ ಗಂಡನ ಫೋನು ನಿನ್ನೆಯಿಂದ ನಿಮ್ಮ ಏಸಿ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಹೇಳ್ತಾ ಇದೆ ಪುಟ್ಟಿ. ಅದನ್ನ ನಂಬ್ಕೊಂಡು ಹೀಟರು, ಅಯ್ಯೋ ಪಾಪ ಚಳಿ ಅಂತ, ಇಪ್ಪತ್ತನಾಲ್ಕು ಗಂಟೆ ಉರಿದಿದೆ."

"ಈ ಗೆರೆನಾ ರೀ ನೀವು ನಿನ್ನೆ ಗುಂಪಲ್ಲಿ ಹಾಕಿ ಎಲ್ಲರ ಹತ್ರ ಶಭಾಷ್ ಅನ್ನಿಸ್ಕೊಂಡಿದ್ದು?" ಎಂದಳು ತಂಗಿ. ಅವಳು ಶಾಲೆಯ ಮುಖ್ಯೋಪಾಧ್ಯಾಯಿನಿ. ಯಾವ ಪ್ರಶ್ನೆ ಯಾವಾಗ ಕೇಳಬೇಕೆಂದು ತಿಳಿದವಳು.

ಉಪ್ಪುನೀರಿನ ತೊಟ್ಟಿ ಸಾಕುವವರದೊಂದು ಗುಂಪು ಡಾಕ್ಟರ ಫೋನಿನಲ್ಲಿತ್ತು. ಸ್ಥಿರವಾದ ಗೆರೆಗೆ ಅಲ್ಲಿ ನಲವತ್ತೆರಡು ಹೆಬ್ಬೆರಳು ಬಂದಿದ್ದವು. ಸೆನ್ಸರು ನೀರಲ್ಲಿದೆಯೇ ಎಂದು ಆ ನಲವತ್ತೆರಡು ಜನರಲ್ಲಿ ಒಬ್ಬನೂ ಕೇಳಿರಲಿಲ್ಲ.

ಡಾಕ್ಟರು ಗಾಜಿಗೆ ಹಣೆ ತಾಗಿಸಿ ಒಳಗೆ ನೋಡುತ್ತಿದ್ದರು. ನಡುವಿನ ಬಂಡೆಯ ಮೇಲೆ ಅಜ್ಜಿ ಇತ್ತು. ಅದು ಮೀನಲ್ಲ, ಗಿಡವೂ ಅಲ್ಲ. ಕಡಲಹೂವು ಎನ್ನುತ್ತಾರೆ, ಆದರೆ ಪ್ರಾಣಿ. ಊಟದ ತಟ್ಟೆಯಷ್ಟಗಲ ಹರಡಿ, ನರೆಗೂದಲಿನಂಥ ನೂರಾರು ಬೆರಳುಗಳನ್ನು ಆಡಿಸುತ್ತ ಹತ್ತೊಂಬತ್ತು ವರ್ಷಗಳಿಂದ ಈ ಮನೆಯಲ್ಲಿತ್ತು. ಎರಡು ಕಿತ್ತಳೆ ಬಣ್ಣದ ಮೀನುಗಳಿಗೆ ಅದರ ಬೆರಳುಗಳ ಸಂದಿಯೇ ಮನೆ, ಹಾಸಿಗೆ, ಸಕಲವೂ. ಇವತ್ತು ಅಜ್ಜಿ ಒದ್ದೆ ಕಾಲುಚೀಲದಂತೆ ಮುದುಡಿತ್ತು.

"ಮೀನು ತಡ್ಕೊಳ್ತವೆ," ಎಂದರು ಡಾಕ್ಟರು, ಗಾಜಿಗೆ ಹೇಳುವಂತೆ. "ಅಜ್ಜಿ ಇನ್ನೂ ಬಂಡೆ ಬಿಟ್ಟಿಲ್ಲ. ಸಂಜೆಯೊಳಗೆ ನೀರು ಇಪ್ಪತ್ತೇಳಕ್ಕೆ ಇಳಿದ್ರೆ ಉಳಿಯುತ್ತೆ. ಇಳಿಲಿಲ್ಲ ಅಂದ್ರೆ ಇಲ್ಲ."

ಹೀಟರ್ ಕಿತ್ತರು, ಸೆನ್ಸರನ್ನು ನೀರಿಗೆ ಇಳಿಸಿದರು. ಫೋನಿಗೆ ಒಮ್ಮೆಲೇ ಜ್ಞಾನೋದಯವಾಗಿ ಕಿರುಚಿಕೊಳ್ಳತೊಡಗಿತು. ಕಪ್ಪು ಡಬ್ಬಿ ಚಿಲ್ಲರಿಗೆ ಅಪ್ಪಣೆ ಕೊಟ್ಟಿತು, ಚಿಲ್ಲರ್ ಗುರ್ ಎಂದು ಶುರುವಾಯಿತು. ಮೂವರೂ ಅರ್ಧ ಗಂಟೆ ಅದರ ಸದ್ದು ಕೇಳುತ್ತ ಕೂತರು. ಮುಳ್ಳು ಕದಲಲಿಲ್ಲ. ಗ್ಯಾಸಣ್ಣ ಪೆಟ್ಟಿಗೆಯ ಬೆನ್ನು ಬಿಚ್ಚಿ, ಗೇಜು ಸಿಕ್ಕಿಸಿ, ಉಫ್ ಎಂದ. ಒಳಗೆ ಗ್ಯಾಸೇ ಇರಲಿಲ್ಲ. ಚಳಿಗಾಲದಲ್ಲಿ ಎಂದೋ ಸೋರಿಹೋಗಿತ್ತು. ಈ ವರ್ಷದ ಮೊದಲ ಬಿಸಿಲಿನವರೆಗೆ ಅದರ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

"ತುಂಬಿಸ್ಬಹುದಲ್ಲ ಭಾವ?"

"ತೂತು ಒಳಗಿದೆ. ಇದನ್ನ ಬಿಚ್ಚೋ ಹಾಗೆ ಮಾಡೇ ಇಲ್ಲ ಪುಣ್ಯಾತ್ಮರು. ತುಂಬಿದ್ರೆ ಈ ಕಡೆಯಿಂದ ಹಾಕು, ಆ ಕಡೆಯಿಂದ ಬಿಡು. ನಿಮ್ಮ ಕಂಪನಿಯವರಿಗೇ ಫೋನ್ ಮಾಡಿ."

ಕಂಪನಿಯ ಫೋನು ಒಂದನ್ನು ಒತ್ತಿ ಎಂದಿತು, ನಾಲ್ಕನ್ನು ಒತ್ತಿ ಎಂದಿತು, ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಹನ್ನೆರಡು ನಿಮಿಷ ಸಂಗೀತ ಕೇಳಿಸಿತು, ಕೊನೆಗೆ ಮಂಗಳವಾರ ಎಂದಿತು. ಡಾಕ್ಟರು ಗುಂಪಿನ ಮೊರೆ ಹೋದರು. ಗುಂಪು ಭಾನುವಾರದ ಬಿಡುವಿನಲ್ಲಿತ್ತು. ಸಲಹೆಗಳು ದಬದಬ ಬಿದ್ದವು. ಡಾಕ್ಟರು ಒಂದೊಂದನ್ನೂ ಗಟ್ಟಿಯಾಗಿ ಓದಿದರು.

"ಐಸ್ ತುಂಬಿದ ಬಾಟಲಿ ತೇಲಿಬಿಡಿ ಅಂತಾರೆ."

"ಬಿಡಿ."

"ಬೇಡ, ಒಮ್ಮೆಲೇ ತಣ್ಣಗಾದ್ರೆ ಆಘಾತ ಆಗುತ್ತೆ ಅಂತಾರೆ ಇನ್ನೊಬ್ರು. ಲೈಟ್ ಆರಿಸಿ ಅಂತ... ಇಲ್ಲ, ಲೈಟ್ ಆರಿಸ್ಬೇಡಿ ಅಂತಿದಾರೆ. ಫ್ಯಾನ್ ಇಡಿ ಅಂತ ಒಬ್ರು. ಫ್ಯಾನ್ ಇಟ್ರೆ ಉಪ್ಪು ಜಾಸ್ತಿ ಆಗುತ್ತೆ ಅಂತ..."

"ಅವರಲ್ಲಿ ಯಾರಾದ್ರೂ ಒಬ್ರು ಸುಮ್ನಿರಿ ಅಂದಿದ್ದಾರಾ?" ಎಂದ ಗ್ಯಾಸಣ್ಣ. "ಇದ್ರೆ ಅವರ ಮಾತು ಕೇಳೋಣ."

ತಂಗಿ ನಕ್ಕುಬಿಟ್ಟಳು. ಹಾಗೆ ನಕ್ಕವಳು ಗಂಡನತ್ತ ತಿರುಗಿದಾಗ ಮುಖದಲ್ಲಿ ನಗುವಿರಲಿಲ್ಲ. "ರೀ, ಆ ಫೋನ್ ಒಳಗಿಡ್ತೀರಾ? ಜೀವಮಾನದಲ್ಲಿ ಒಂದ್ಸಲ ಗೊತ್ತಿರೋರ ಕೈಗೆ ಕೆಲಸ ಬಿಟ್ಟು ನೋಡಿ. ಅಣ್ಣ, ನಿನ್ನಿಂದ ಏನಾದ್ರೂ ಆಗುತ್ತಾ?"

ಗ್ಯಾಸಣ್ಣ ಈ ಮಾತಿಗಾಗಿ ಎಷ್ಟು ವರ್ಷಗಳಿಂದ ಕಾಯುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಈ ಮನೆಯಲ್ಲಿ ಅವನ ಜಾಗ ಹಿಂದಿನ ಬಾಲ್ಕನಿ, ಏಸಿಯ ಹೊರಪೆಟ್ಟಿಗೆ ಇರುವಲ್ಲಿ. ಮನೆಗೆ ಯಾರಾದರೂ ಬಂದಾಗ ಅವನು ಕಣ್ಣಿಗೆ ಬಿದ್ದರೆ ತಂಗಿ, "ನಮ್ಮಣ್ಣ, ಕೂಲಿಂಗ್ ಲೈನಲ್ಲಿದ್ದಾನೆ," ಎನ್ನುತ್ತಿದ್ದಳು. ಯಾವುದೋ ದೂರದ ಹಡಗಿನ ಮಾರ್ಗದಲ್ಲಿ ಇದ್ದಾನೇನೋ ಎಂಬಂತೆ. ಇವತ್ತು ಅವನನ್ನು ಹಾಲಿನ ನಟ್ಟನಡುವೆ, ಗಂಡನ ಎದುರಿಗೇ ಕೇಳಿದ್ದಳು.

"ಎರಡು ಗಂಟೆ ಟೈಮ್ ಕೊಡು," ಎಂದು ಎದ್ದ.

ವರ್ಕ್‌ಶಾಪಿನಲ್ಲಿ ಹಳೆಯ ನೀರಿನ ಕೂಲರಿನ ಒಂದು ಕಂಪ್ರೆಸರು ಇತ್ತು. ಮೂಲೆಯಲ್ಲಿ ತಾಮ್ರದ ಪೈಪಿನ ಸುರುಳಿ ಇತ್ತು. ಅವನು ಪೈಪನ್ನು ಒಂದು ಬಣ್ಣದ ಡಬ್ಬಕ್ಕೆ ಸುತ್ತಿ ಸುತ್ತಿ, ಹದಿನಾಲ್ಕು ಸುತ್ತಿನ ಕಾಯಿಲ್ ಮಾಡಿದ. ಒಂದೊಂದು ಸುತ್ತಿನ ನಡುವೆಯೂ ಕಿರುಬೆರಳು ಹೋಗುವಷ್ಟೇ ಜಾಗ. ತುದಿಗಳನ್ನು ಬೆಸೆದ, ಸೋರುತ್ತದೆಯೇ ಎಂದು ಸೋಪಿನ ನೊರೆ ಹಚ್ಚಿ ನೋಡಿದ. ಅಷ್ಟಕ್ಕೆ ಕೆಲಸ ಮುಗಿದಿತ್ತು. ಆದರೆ ಬೆಸುಗೆಯ ಜಾಗದಲ್ಲಿ ಪೈಪು ಕಪ್ಪಾಗಿತ್ತು, ಉಳಿದ ಕಡೆ ಮಂಕಾಗಿತ್ತು. ಬಾಲ್ಕನಿಯ ಕೆಲಸವಾಗಿದ್ದರೆ ಹಾಗೇ ಬಿಡುತ್ತಿದ್ದ. ಇದು ಹಾಲಿಗೆ. ಎಮರಿ ಪೇಪರ್ ತೆಗೆದುಕೊಂಡು ಹದಿನಾಲ್ಕು ಸುತ್ತನ್ನೂ ಒಳಗೆ ಹೊರಗೆ ತಿಕ್ಕಿದ. ಅರ್ಧ ಗಂಟೆಯ ಮೇಲೆ ಕಾಯಿಲ್ ಹೊಸ ಒಡವೆಯಂತೆ ಹೊಳೆಯಿತು.

ಎರಡು ಗಂಟೆಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಮುಂಬಾಗಿಲಿನಿಂದಲೇ ಒಳಗೆ ಬಂದ. "ಅಬ್ಬಾ," ಎಂದಳು ತಂಗಿ. ಡಾಕ್ಟರು ಮಾತ್ರ ಕಾಯಿಲನ್ನು ನೋಡಿ, ಎದ್ದು ನಿಂತು, ಮತ್ತೆ ಕೂತರು.

"ಭಾವ, ಅದು... ತಾಮ್ರ ಅಲ್ವಾ?"

"ಅಲ್ಲ, ಚಿನ್ನ. ನಿಮ್ಮ ಕ್ಲಿನಿಕ್ಕಿನಲ್ಲಿ ಉಳಿದಿದ್ದ ಹಲ್ಲುಗಳದ್ದು."

"ತಮಾಷೆ ಅಲ್ಲ ಭಾವ. ತಾಮ್ರ ಅಜ್ಜಿಗೆ ವಿಷ ಅಂತಾರೆ. ಉಪ್ಪುನೀರಲ್ಲಿ ಕರಗುತ್ತೆ ಅಂತ, ಸ್ವಲ್ಪವೇ ಕರಗಿದ್ರೂ ಮೂಳೆ ಇಲ್ಲದ ಪ್ರಾಣಿಗಳಿಗೆ..."

"ಅಂತಾರೆ. ಯಾರು ಅಂತಾರೆ?"

ಡಾಕ್ಟರು ಮುಚ್ಚಿಟ್ಟಿದ್ದ ಫೋನಿನ ಕಡೆ ನೋಡಿದರು. ಅದೇ ಅವರು ಮಾಡಿದ ತಪ್ಪು.

"ಗೆರೆಗೆ ಹೆಬ್ಬೆರಳು ಒತ್ತಿದ್ರಲ್ಲ, ಅವರಾ?" ಎಂದ ಗ್ಯಾಸಣ್ಣ. "ಬೆಳಿಗ್ಗೆಯಿಂದ ಹನ್ನೊಂದು ಮಾತು ಹೇಳಿದ್ರು, ಹನ್ನೊಂದೂ ಒಂದಕ್ಕೊಂದು ಉಲ್ಟಾ. ಇದು ಹನ್ನೆರಡನೇದು. ತಾಮ್ರದ ಪೈಪಲ್ಲಿ ಬಂದ ನೀರನ್ನ ಅರ್ಧ ಪ್ರಪಂಚ ಕುಡಿಯುತ್ತೆ ಡಾಕ್ಟ್ರೇ. ಮನುಷ್ಯರು ಸತ್ತಿದ್ದಾರಾ? ಇದು ಬರೀ ಒಂದು ಕಾಲುಚೀಲ."

"ಆದ್ರೂ ಭಾವ, ಒಂದ್ಸಲ ಯೋಚನೆ..."

"ಸಾಕು ಸುಮ್ನಿರಿ," ಎಂದಳು ತಂಗಿ. "ಅದು ಬೇಯ್ತಾ ಇದೆ, ನೀವು ಯೋಚನೆ ಮಾಡ್ತಾ ಇರ್ತೀರಾ."

ಡಾಕ್ಟರು ಬಾಯಿ ತೆರೆದರು. ಎದುರಿಗೆ ಇಬ್ಬರು, ಇಬ್ಬರ ಬಾಯಿಯೂ ಖಾಲಿ. ಅವರು ಬಾಯಿ ಮುಚ್ಚಿದರು.

ಕಾಯಿಲ್ ಕೆಳಗಿನ ಸಣ್ಣ ತೊಟ್ಟಿಯಲ್ಲಿ ಮುಳುಗಿತು. ಅಲ್ಲಿಂದ ಪಂಪು ನೀರನ್ನು ಮೇಲಕ್ಕೆ ಒಯ್ಯುತ್ತಿತ್ತು. ಗ್ಯಾಸಣ್ಣ ಪೈಪಿನೊಳಗಿನ ಗಾಳಿ ಎಳೆದು, ಗ್ಯಾಸು ತುಂಬಿ, ಸ್ವಿಚ್ಚು ಹಾಕಿದ. ಹಳೆಯ ಕಂಪ್ರೆಸರು ಒಮ್ಮೆ ಕೆಮ್ಮಿ, ಮೈಮುರಿದು, ಕೆಲಸ ಶುರು ಮಾಡಿತು. ಹತ್ತು ನಿಮಿಷಕ್ಕೆ ನೀರಿನ ಹೊರಗಿದ್ದ ಪೈಪಿನ ಮೇಲೆ ಬಿಳಿ ಮಂಜು ಕಟ್ಟಿತು. ಮೂರಕ್ಕೆ ಮೂವತ್ತೊಂದು. ನಾಲ್ಕಕ್ಕೆ ಇಪ್ಪತ್ತೊಂಬತ್ತು. ಐದೂವರೆಗೆ ಇಪ್ಪತ್ತೇಳು. ಬಸವನಹುಳುಗಳು ಒಂದೊಂದಾಗಿ ನೀರಿಗಿಳಿದವು. ಅಜ್ಜಿ ಒಂದೈದಾರು ಬೆರಳುಗಳನ್ನು ಹೊರಚಾಚಿ, ಲೋಕ ಹೇಗಿದೆ ಎಂದು ತಡವಿ ನೋಡಿತು.

ತಂಗಿ ಕಾಫಿ ತಂದಳು. ಬಿಸ್ಕತ್ತನ್ನು ತಟ್ಟೆಯಲ್ಲಿ ಜೋಡಿಸಿ ತಂದಳು; ಬಾಲ್ಕನಿಗೆ ಪೊಟ್ಟಣವೇ ಬರುತ್ತಿತ್ತು. ಅಷ್ಟರಲ್ಲಿ ಅವಳ ಸಹೋದ್ಯೋಗಿಯ ಫೋನು ಬಂತು. "ಇಲ್ಲ ಮೇಡಂ, ಕಂಪನಿಯವರಿಂದಲೂ ಆಗ್ಲಿಲ್ಲ. ನಮ್ಮಣ್ಣ. ಹೌದು, ಅವನೇ ಕೈಯಲ್ಲಿ ಮಾಡಿದ್ದು. ಅವನು ಈ ವಿಷಯದಲ್ಲಿ ಇಂಜಿನಿಯರ್ ಇದ್ದ ಹಾಗೆ." ಗ್ಯಾಸಣ್ಣ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುವುದನ್ನು ನಿಲ್ಲಿಸಿ ಈ ವಾಕ್ಯವನ್ನು ಪೂರ್ತಿ ಕೇಳಿಸಿಕೊಂಡ. ಇದ್ದ ಹಾಗೆ ಎಂಬ ಎರಡು ಪದಗಳನ್ನು ಬಿಟ್ಟುಬಿಟ್ಟ.

ಡಾಕ್ಟರು ಮತ್ತೊಮ್ಮೆ ಪ್ರಯತ್ನಿಸಿದರು. "ಭಾವ, ತುಂಬಾ ಉಪಕಾರ ಆಯ್ತು. ಈಗ ಇಳಿದಿದೆಯಲ್ಲ, ಕಾಯಿಲ್ ತೆಗೆದು, ಬೆಳಗಿನ ತನಕ ಐಸ್ ಬಾಟಲಿಯಲ್ಲಿ ನಾನು ಹೇಗೋ..."

"ಮುಟ್ಟಿ ನೋಡಿ, ಆಮೇಲೆ ಇದೆ," ಎಂದ ಗ್ಯಾಸಣ್ಣ. "ಪುಟ್ಟಿ, ನಾನು ನಾಳೆ ಬರೋ ತನಕ ಇವರು ಕಪಾಟಿನ ಹತ್ರ ಸುಳಿಯದ ಹಾಗೆ ನೋಡ್ಕೋ. ಇವರು ಏನನ್ನಾದ್ರೂ ಒತ್ತಿ ಅಂಟಿಸಿದ್ರೆ ಏನಾಗುತ್ತೆ ಅಂತ ನೋಡಿದೀವಲ್ಲ."

"ನೀನು ನಿಶ್ಚಿಂತೆಯಿಂದ ಹೋಗು," ಎಂದಳು ತಂಗಿ, ಪರೀಕ್ಷೆಯ ಕೊಠಡಿಗೆ ಕಾವಲು ನಿಂತವಳ ಹಾಗೆ ಕೈಕಟ್ಟಿಕೊಂಡು.

ಮಾರನೆಯ ದಿನ ಹನ್ನೊಂದು ಗಂಟೆಗೆ ಗ್ಯಾಸಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಗ್ಯಾಸಿನ ಒತ್ತಡ ಪರೀಕ್ಷಿಸುವುದು ನೆಪ. ಒತ್ತಡ ಸರಿಯಾಗಿಯೇ ಇರುತ್ತದೆಂದು ಅವನಿಗೆ ಗೊತ್ತಿತ್ತು. ತಂಗಿ ಶಾಲೆಯಲ್ಲಿರುತ್ತಾಳೆಂಬುದು ಮಾತ್ರ ಮೆಟ್ಟಿಲು ಹತ್ತುವಾಗ ನೆನಪಾಗಿ, ಸಂಜೆ ಬರಬೇಕಿತ್ತು ಎನಿಸಿತು.

ಬಾಗಿಲು ತೆರೆದವರು ಡಾಕ್ಟರು. ಮೊಳಕೈವರೆಗೆ ಒದ್ದೆ, ಚಡ್ಡಿಯೂ ಒದ್ದೆ.

"ಕ್ಲಿನಿಕ್ ಇಲ್ವಾ?"

"ಇವತ್ತು ಬೇಡ ಅಂದೆ. ಬನ್ನಿ ಭಾವ, ಕಾಲು ನೋಡ್ಕೊಂಡು, ನೀರಿದೆ."

ಒಳಗೆ ಕಾಲಿಟ್ಟ ಕೂಡಲೇ ವಾಸನೆ ಹೊಡೆಯಿತು. ಕರೆಂಟು ಹೋಗಿ ನಾಲ್ಕು ದಿನವಾದ ಮೀನಂಗಡಿಯ ಪೆಟ್ಟಿಗೆ ತೆರೆದಾಗ ಹೊಡೆಯುವ ವಾಸನೆ. ತನ್ನ ಕಸುಬಿನಲ್ಲಿ ಅದನ್ನು ಎಷ್ಟೋ ಸಲ ಮೂಸಿದ್ದ. ಹಾಲಿನ ತುಂಬ ಬಕೀಟುಗಳಿದ್ದವು. ಕೆಲವದರಲ್ಲಿ ಹೊಸ ಉಪ್ಪುನೀರು ಕದಡಿ ಬೆಳ್ಳಗಿತ್ತು, ಕೆಲವದರಲ್ಲಿ ತೊಟ್ಟಿಯಿಂದ ತೆಗೆದ ಹಳೆಯ ನೀರಿತ್ತು. ತೊಟ್ಟಿಯ ತಳದಲ್ಲಿ ಏಳು ಬಸವನಹುಳುಗಳು ಅಂಗಾತ ಬಿದ್ದಿದ್ದವು. ಎರಡು ಸೀಗಡಿಗಳು ಬೇಯಿಸಿದ ಬಣ್ಣಕ್ಕೆ ತಿರುಗಿ ಮರಳಿನ ಮೇಲೆ ಮಲಗಿದ್ದವು. ಅಜ್ಜಿ ಬಂಡೆ ಬಿಟ್ಟು ಮೂಲೆಗೆ ಉರುಳಿ, ಒಳಗಿದ್ದದ್ದನ್ನೆಲ್ಲ ಹೊರಗೆ ಹಾಕಿಕೊಂಡು, ಬಾಯಿ ಅಗಲವಾಗಿ ತೆರೆದುಕೊಂಡಿತ್ತು.

ಗ್ಯಾಸಣ್ಣ ಮೊದಲು ಕೇಳಿದ್ದು ತನ್ನ ಕೆಲಸದ ಬಗ್ಗೆ. "ಎಷ್ಟಿದೆ?"

"ಇಪ್ಪತ್ತಾರು. ರಾತ್ರಿಯಿಡೀ ಒಂದು ಚೂರೂ ಏರಿಳಿದಿಲ್ಲ ಭಾವ. ಕೆಲಸ ಅಂದ್ರೆ ಕೆಲಸ."

ಈ ಮಾತಿನಲ್ಲಿ ಚುಚ್ಚು ಇದೆಯೇ ಎಂದು ಗ್ಯಾಸಣ್ಣ ಹುಡುಕಿದ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಡಾಕ್ಟರ ಮುಖದಲ್ಲಿ ನಿದ್ದೆಗೆಟ್ಟ ಕಣ್ಣುಗಳ ಹೊರತು ಏನೂ ಇರಲಿಲ್ಲ.

"ಹಾಗಾದ್ರೆ ಇವಕ್ಕೇನಾಯ್ತು?"

ಟೀಪಾಯಿಯ ಮೇಲೆ ನೀರು ಪರೀಕ್ಷಿಸುವ ಒಂದು ಸಣ್ಣ ಗಾಜಿನ ಕೊಳವೆಯಲ್ಲಿ ನೀಲಿ ನೀರಿತ್ತು. ಪಕ್ಕದಲ್ಲೊಂದು ರಟ್ಟು, ಅದರ ಮೇಲೆ ಬಿಳಿಯಿಂದ ಶುರುವಾಗಿ ಗಾಢವಾಗುತ್ತ ಹೋಗುವ ನೀಲಿ ಚೌಕಗಳು. ಡಾಕ್ಟರು ಮೆಲ್ಲಗೆ ಅದರ ಮೇಲೊಂದು ಟವೆಲು ಎಸೆದರು, ಆದರೆ ತಡವಾಗಿತ್ತು. ರಟ್ಟಿನ ನೆತ್ತಿಯಲ್ಲಿದ್ದ ಪದವನ್ನು ಗ್ಯಾಸಣ್ಣ ಓದಿಯಾಗಿತ್ತು. ಅವನು ತರಿಸುವ ಪೈಪಿನ ಪ್ರತಿ ಸುರುಳಿಯ ಮೇಲೂ ಇರುವ ಪದ. ಕೊಳವೆಯ ನೀರು ಕಟ್ಟಕಡೆಯ ಚೌಕಕ್ಕಿಂತಲೂ ಗಾಢವಾಗಿತ್ತು.

ಅವನು ಕಪಾಟಿನ ಬಾಗಿಲು ತೆರೆದ. ನಿನ್ನೆಯ ಒಡವೆ ಕಂದಿತ್ತು. ತಿಕ್ಕಿ ತಿಕ್ಕಿ ಬೆಳಗಿದ್ದ ಮೈಮೇಲೆಲ್ಲ ಹಸಿರು ಹರಡಿತ್ತು.

ಅವನಿಗೆ ಕೋಪ ಬಂತು. ಬೇರೆ ಏನೋ ಬರಬೇಕಾದ ಜಾಗದಲ್ಲಿ ಅವನಿಗೆ ಯಾವಾಗಲೂ ಕೋಪವೇ ಬರುತ್ತಿತ್ತು. "ನೀವು ನಿನ್ನೆನೇ ಹೇಳ್ಬೇಕಿತ್ತು ಡಾಕ್ಟ್ರೇ!"

"ಹೇಳ್ದೆ ಭಾವ."

"ಅದು ಹೇಳೋ ರೀತಿನಾ? ಅಂತಾರೆ ಅಂತೆ, ಅಂತಾರೆ! ನನಗೆ ಗೊತ್ತು ಅನ್ಬೇಕಿತ್ತು. ಕಾಯಿಲ್ ಕಿತ್ತು ಬಿಸಾಕ್ಬೇಕಿತ್ತು. ಗಂಡಸು ತನ್ನ ಮನೇಲಿ ಅಷ್ಟೂ..."

"ನಿಜ," ಎಂದರು ಡಾಕ್ಟರು. "ಅದು ಹೇಳೋ ರೀತಿ ಅಲ್ಲ."

ಗ್ಯಾಸಣ್ಣನಿಗೆ ಜಗ್ಗಾಡಲು ಏನೂ ಉಳಿಯಲಿಲ್ಲ. ಹಲ್ಲು ಕಿತ್ತ ದಿನದ ಹಾಗೆಯೇ. ಜಗ್ಗಾಟಕ್ಕೆ ಅವನು ದವಡೆ ಬಿಗಿ ಮಾಡಿಕೊಂಡು ಕೂತಿದ್ದ, ಅಷ್ಟರಲ್ಲಿ ಹಲ್ಲು ತಟ್ಟೆಯಲ್ಲಿತ್ತು.

ಫೋನು ಮೊಳಗಿತು. ಡಾಕ್ಟರ ಕೈ ಒದ್ದೆಯಾಗಿದ್ದರಿಂದ ಮೊಳಕೈಯಿಂದ ಸ್ಪೀಕರ್ ಒತ್ತಿದರು. ಶಾಲೆಯ ಗದ್ದಲದ ನಡುವೆ ತಂಗಿಯ ಧ್ವನಿ ಹಾಲಿನ ತುಂಬ ಹರಡಿತು. "ಏನ್ರೀ, ಹೇಗಿದೆ ಅಜ್ಜಿ?"

"ಹೋಯ್ತು."

"ಅಯ್ಯೋ. ಹೇಗೆ? ಅಣ್ಣ ಅಷ್ಟೊಂದು ಕಷ್ಟಪಟ್ಟು ತಣ್ಣಗೆ ಮಾಡಿದ್ನಲ್ಲ?"

ಗ್ಯಾಸಣ್ಣ ಕಪಾಟಿನ ಬಾಗಿಲನ್ನು ಹಿಡಿದುಕೊಂಡು ನಿಂತಿದ್ದ. ಡಾಕ್ಟರು ಅವನ ಕಡೆ ನೋಡಲಿಲ್ಲ. ಒಂದು ಬಕೀಟನ್ನು ಅರ್ಧ ಅಡಿ ಆಚೆಗೆ ಸರಿಸಿದರು.

"ಬಿಸಿಗೇ ಹೋಗಿದೆ ಕಣೆ. ಅಣ್ಣ ಬರೋ ಹೊತ್ತಿಗೇ ಒಳಗೆಲ್ಲ ಬೆಂದಿತ್ತು ಅನ್ಸುತ್ತೆ. ಒಂದ್ ದಿನ ಪೂರ್ತಿ ಬಿಸಿ ತಾನೇ? ಅವರು ಮಾಡದಿದ್ರೆ ಮೀನೂ ಉಳೀತಿರ್ಲಿಲ್ಲ. ನಂದೇ ತಪ್ಪು, ಸೆನ್ಸರ್ ನೋಡ್ಕೊಳ್ಲಿಲ್ಲ."

"ಮತ್ತೆ! ಹತ್ತೊಂಬತ್ತು ವರ್ಷ ಮಗು ಹಾಗೆ ಸಾಕಿ, ಒಂದು ಕಡ್ಡಿ ಬಿದ್ದಿರೋದು ಕಾಣ್ಲಿಲ್ಲ ನಿಮಗೆ. ಎದುರಿಗೆ ತೊಟ್ಟಿ ಇದ್ರೆ ನೀವು ನೋಡೋದು ಫೋನು. ಸಾಲದ್ದಕ್ಕೆ, ಮಾಡಿಕೊಡೋಕೆ ಬಂದೋರಿಗೆ ತಾಮ್ರ, ಹಿತ್ತಾಳೆ ಅಂತ ಕೊಂಕು ಬೇರೆ. ಅಣ್ಣ ಬಂದಿದಾನಾ?"

"ಇಲ್ಲೇ ಇದಾರೆ."

"ಅಣ್ಣ, ಕೇಳಿಸ್ತಾ ಇದೆಯಾ? ನಾನು ಹೇಳಿದ್ರೆ ಇವರ ಕಿವಿಗೆ ಹೋಗಲ್ಲ. ನೀನೇ ಹೇಳು ಇವರಿಗೆ."

ಗ್ಯಾಸಣ್ಣ ಫೋನಿನ ಹತ್ತಿರ ಬಂದ. ಡಾಕ್ಟರು ಈಗಲೂ ತಲೆ ಎತ್ತಲಿಲ್ಲ. ಬಕೀಟಿನ ಹಿಡಿಕೆಯನ್ನು ಆ ಕಡೆಯಿಂದ ಈ ಕಡೆಗೆ ಮಗುಚಿದರು, ಮತ್ತೆ ಈ ಕಡೆಯಿಂದ ಆ ಕಡೆಗೆ. ಹೇಳಬೇಕಾದದ್ದು ಮೂರೇ ಪದ. ಮೂವತ್ತೊಂದು ವರ್ಷಗಳಲ್ಲಿ ಗ್ಯಾಸಣ್ಣ ಇತರರ ತಪ್ಪನ್ನು ಅದಕ್ಕಿಂತ ಕಡಿಮೆ ಪದಗಳಲ್ಲಿ ಅವರ ಮುಖಕ್ಕೆ ಹೇಳಿದ್ದಾನೆ.

"ಬಿಸಿ ಜಾಸ್ತಿನೇ ಇತ್ತು ಪುಟ್ಟಿ," ಎಂದ.

"ಕೇಳಿದ್ರಾ?" ಎಂದಳು ತಂಗಿ. ಹಿಂದೆ ಗಂಟೆ ಬಾರಿಸಿತು, ಫೋನು ಕಡಿದುಹೋಯಿತು.

ಡಾಕ್ಟರು, ಅಪ್ಪಣೆ ಕೇಳುವವರ ಹಾಗೆ, "ಭಾವ, ಕಾಯಿಲ್ ಈಗ ತೆಗೆದುಬಿಡೋಣ್ವಾ? ಗುಂಪಿನಲ್ಲೊಬ್ರು ತಮ್ಮ ಹಳೇ ಚಿಲ್ಲರ್ ಮಧ್ಯಾಹ್ನ ತಂದುಕೊಡ್ತಾರಂತೆ," ಎಂದರು.

ಗ್ಯಾಸಣ್ಣ ಸ್ವಿಚ್ಚು ಆರಿಸಿದ. ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡ, ಪೈಪು ಬಿಚ್ಚಿದ, ಕಾಯಿಲನ್ನು ನೀರಿನಿಂದ ಎತ್ತಿದ. ಅದನ್ನು ಎಲ್ಲಿಡುವುದೆಂದು ತಿಳಿಯದೆ ಹಾಲಿನಲ್ಲಿ ಒಂದು ಸುತ್ತು ತಿರುಗಿ, ಕೊನೆಗೆ ಹಿಂದಿನ ಬಾಲ್ಕನಿಗೆ ಒಯ್ದು ಇಟ್ಟು ಬಂದ. ಇಸ್ತ್ರಿ ಮಾಡಿದ ಅಂಗಿಯ ಮೇಲೆ ಉಪ್ಪುನೀರು ಸುರಿದಿತ್ತು. ಇನ್ನು ಹೊರಡಬಹುದಿತ್ತು. ಅವನು ನಿಂತೇ ಇದ್ದ.

ಡಾಕ್ಟರು ರಬ್ಬರು ಕೊಳವೆಯೊಂದನ್ನು ತೊಟ್ಟಿಯಿಂದ ಬಕೀಟಿಗೆ ಇಳಿಬಿಟ್ಟು ನೀರು ಹರಿಸುತ್ತಿದ್ದರು. ಬಕೀಟು ತುಂಬಿದಾಗ ಅದನ್ನು ಸುರಿಯಲು ಹೋದರೆ ಕೊಳವೆ ನೀರಿನಿಂದ ಹೊರಗೆ ಜಿಗಿಯುತ್ತಿತ್ತು. ಎರಡು ಸಲ ಹಾಗಾಯಿತು.

"ಇದನ್ನ ಸ್ವಲ್ಪ ಹಿಡ್ಕೊಳ್ತೀರಾ ಭಾವ? ತುದಿ ಮುಳುಗಿರ್ಬೇಕು ಅಷ್ಟೇ."

ಗ್ಯಾಸಣ್ಣ ತೋಳು ಮಡಿಸಿ, ಮೊಳಕೈವರೆಗೆ ಕೈಯನ್ನು ತೊಟ್ಟಿಗೆ ಇಳಿಸಿ ಕೊಳವೆಯನ್ನು ಹಿಡಿದ. ಡಾಕ್ಟರು ತುಂಬಿದ ಬಕೀಟಿನ ಜಾಗದಲ್ಲಿ ಖಾಲಿಯದನ್ನಿಟ್ಟು, ತುಂಬಿದ್ದನ್ನು ಎತ್ತಿಕೊಂಡು ಬಚ್ಚಲಿಗೆ ಹೋದರು. ಕಿತ್ತಳೆ ಬಣ್ಣದ ಎರಡು ಮೀನುಗಳು ಬರಿದಾದ ಬಂಡೆಯ ಸುತ್ತಲೇ ತಿರುಗುತ್ತಿದ್ದವು. ಕೈ ಕಂಡು ಮೊದಲು ಹಿಂದೆ ಸರಿದವು. ಆಮೇಲೆ ದೊಡ್ಡದು ಒಂದಿಷ್ಟು ಹತ್ತಿರ ಬಂತು, ನಿಂತಿತು, ಇನ್ನಷ್ಟು ಹತ್ತಿರ ಬಂತು. ಗ್ಯಾಸಣ್ಣನ ಮುಂಗೈಯಲ್ಲಿ ಕೂದಲು ದಟ್ಟ. ನೀರಿನ ಸೆಳೆತಕ್ಕೆ ಅವೆಲ್ಲ ಎದ್ದು ಅತ್ತಿತ್ತ ತೂಗುತ್ತಿದ್ದವು. ಮೀನು ತನ್ನ ಪಕ್ಕೆಯನ್ನು ಆ ಕೂದಲಿಗೆ ಒತ್ತಿ ಉಜ್ಜಿತು. ಮತ್ತೊಮ್ಮೆ ಉಜ್ಜಿತು. ಬಳಿಕ ಮೈಯನ್ನು ಕುಲುಕಿ ಕುಲುಕಿ, ಜಾಗ ಹದಮಾಡಿಕೊಂಡು, ಅಲ್ಲಿಯೇ ಕೂತಿತು. ಚಿಕ್ಕದೂ ಅದರ ಹಿಂದೆಯೇ ಬಂತು.

ಬಕೀಟು ತುಂಬಿ ನೀರು ನೆಲದ ಮೇಲೆ ಹರಿಯತೊಡಗಿತು.

"ಸಾಕು ಭಾವ, ಕೈ ತೆಗೀರಿ," ಎಂದು ಡಾಕ್ಟರು ಬಚ್ಚಲಿನಿಂದ ಕೂಗಿದರು.

ಗ್ಯಾಸಣ್ಣ ಉಸಿರು ಬಿಗಿಹಿಡಿದು, ಕೈಯನ್ನು ಕೂದಲೆಳೆಯಷ್ಟೂ ಅಲುಗಿಸದೆ ಹಾಗೇ ನಿಂತಿದ್ದ. ನೀರು ಅವನ ಚಪ್ಪಲಿಯ ಸುತ್ತ ಹರಡಿ, ನಿಧಾನವಾಗಿ ಸೋಫಾದ ಕೆಳಗೆ ಸರಿಯುತ್ತಿತ್ತು.